ಇದು ಯಾತರ ಕೂದಲು?

ಪುಷ್ಯ ಬಹುಳದಲ್ಲಿ ನಮ್ಮ ಸುತ್ತೂರಿನಲ್ಲಿ ಜಾತ್ರೆ ನಡೆಯುವುದು ಮೈಸೂರು ಸೀಮೆಯವರಿಗೆಲ್ಲ ತಿಳಿದ ಸಂಗತಿ. ಆರು ದಿನ ಕಪಿಲೆಯ ದಂಡೆಯಲ್ಲಿ ಜನವೋ ಜನ. ರಥೋತ್ಸವ, ದನಗಳ ಪರಿಷೆ, ಕುಸ್ತಿ, ಸಾಮೂಹಿಕ ವಿವಾಹ, ಕೃಷಿಮೇಳ ಇವೆಲ್ಲವುಗಳ ನಡುವೆ ಬಾಚಣಿಗೆ, ಕನ್ನಡಿ, ಬಳೆ, ಪಿನ್ನು ಮಾರುವ ಅಂಗಡಿಗಳ ಸಾಲೂ ಉಂಟು. ಕೆಲವು ವರ್ಷಗಳ ಹಿಂದೆ ಅಂಥದೊಂದು ಅಂಗಡಿಯ ಮುಂದೆ ನಮ್ಮ ತಂದೆಯವರು ನಿಂತು, ಕ್ಷೌರದ ಬ್ರಷ್ಷೊಂದನ್ನು ಕೈಗೆತ್ತಿಕೊಂಡು, "ಏನಪ್ಪಾ, ಇದು ಯಾತರ ಕೂದಲು?" ಎಂದು ಕೇಳಿದರು. ಅಂಗಡಿಯವನು, "ಒಳ್ಳೇ ಕೂದಲು ಯಜಮಾನರೇ, ಉದುರೋದಿಲ್ಲ" ಎಂದ. ತಂದೆಯವರು ಬ್ರಷ್ಷನ್ನು ಮೆಲ್ಲನೆ ಕೆಳಗಿಟ್ಟು ಮುಂದೆ ನಡೆದರು. ಅವರು ಕೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ಸಂಬಂಧವಿರಲಿಲ್ಲ.

ಆ ಪ್ರಶ್ನೆ ಅವರ ಬಾಯಲ್ಲಿ ಬರಲು ಕಾರಣನಾದವನು ನಾನೇ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅವರು ಮರದ ಹಿಡಿಯ ಒಂದೇ ಬ್ರಷ್ಷನ್ನು ಬಳಸಿದ್ದರು. ಬೆಳಿಗ್ಗೆ ಕ್ಷೌರ, ಆಮೇಲೆ ಸ್ನಾನ, ಆಮೇಲೆ ಇಷ್ಟಲಿಂಗ ಪೂಜೆ, ಅನಂತರವೇ ಆಹಾರ: ಇದು ಅವರ ನಿತ್ಯಕ್ರಮ. ಇಂಥ ಬ್ರಷ್ಷುಗಳ ಬಿರುಗೂದಲು ಹಂದಿಯದೆಂದು ಎಲ್ಲಿಯೋ ಓದಿದ ನಾನು, ಒಂದು ಸ್ವಾರಸ್ಯದ ಸುದ್ದಿಯೆಂಬಂತೆ ಅದನ್ನು ಅವರ ಮುಂದೆ ಹೇಳಿಬಿಟ್ಟೆ. ಅವರು ಆಗ ಏನೂ ಅನ್ನಲಿಲ್ಲ. ಮಾರನೆಯ ದಿನ ಕಿಟಕಿಯ ಮೇಲೆ ಬ್ರಷ್ಷು ಇರಲಿಲ್ಲ. "ತಿಳಿಯದೆ ಮಾಡಿದ್ದಕ್ಕೆ ದೋಷವಿಲ್ಲ ಮಗು, ತಿಳಿದ ಮೇಲೆ ಹೇಗೆ ಮಾಡಲಿ?" ಎಂದರು. ಆಮೇಲೆ ಬರಿಗೈಯಿಂದಲೇ ಸೋಪನ್ನು ತಿಕ್ಕಿಕೊಂಡು ಕ್ಷೌರ ಮಾಡತೊಡಗಿದರು. ವಯಸ್ಸಾದ ಚರ್ಮ, ತುಸು ನಡುಗುವ ಕೈ. ವಾರಕ್ಕೆರಡು ಬಾರಿಯಾದರೂ ಕೆನ್ನೆಯ ಮೇಲೆ ರಕ್ತ ಕಾಣಿಸುತ್ತಿತ್ತು. ಅವರ ಬ್ರಷ್ಷನ್ನು ಮಾತಿನಿಂದ ಕಸಿದುಕೊಂಡವನು ನಾನು. ಬೇರೊಂದನ್ನು ಹುಡುಕಿಕೊಡುವ ಭಾರವೂ ನನ್ನ ಮೇಲೆಯೇ ಬಿತ್ತು. ಆ ಹುಡುಕಾಟದಲ್ಲಿ ತಿಳಿದ ನಾಲ್ಕು ಮಾತುಗಳನ್ನು ಈಗ ತಮ್ಮ ಮುಂದಿಡುತ್ತೇನೆ.

ಮೊದಲು ಬ್ರಷ್ಷು ಮಾಡುವ ಕೆಲಸವೇನೆಂಬುದನ್ನು ನೋಡೋಣ. ಸೋಪನ್ನು ಮುಖಕ್ಕೆ ಬಳಿಯುವುದಷ್ಟೇ ಅದರ ಕೆಲಸವೆಂದು ನಾವು ಭಾವಿಸುತ್ತೇವೆ. ಆದರೆ ಮುಖ್ಯ ಕೆಲಸ ನೀರಿನದು. ಒಣಗಿದ ಗಡ್ಡದ ಕೂದಲು ಬಹಳ ಗಡಸು. ಬೆಚ್ಚನೆಯ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ಅದು ನೀರು ಹೀರಿ ಮೆತ್ತಗಾಗುತ್ತದೆ, ಅಲಗಿಗೆ ಸುಲಭವಾಗಿ ತುಂಡಾಗುತ್ತದೆ. ಬ್ರಷ್ಷು ತನ್ನ ಎಳೆಗಳ ನಡುವೆ ನೀರನ್ನು ಹಿಡಿದಿಟ್ಟುಕೊಂಡು, ಸೋಪಿನೊಡನೆ ಗಾಳಿಯನ್ನು ಬೆರೆಸಿ ನೊರೆ ಮಾಡುತ್ತದೆ. ಆ ನೊರೆ ಕೂದಲಿನ ಸುತ್ತ ನೀರು ಆರದಂತೆ ಕಾಯುತ್ತದೆ, ಚರ್ಮಕ್ಕೂ ಅಲಗಿಗೂ ನಡುವೆ ಜಾರುವ ಪದರವಾಗುತ್ತದೆ. ಮಲಗಿದ ಕೂದಲನ್ನು ಎಬ್ಬಿಸಿ ನಿಲ್ಲಿಸುವುದೂ, ಚರ್ಮದ ಮೇಲಿನ ಜಿಡ್ಡು, ಸತ್ತ ಪೊರೆಗಳನ್ನು ತೊಳೆಯುವುದೂ ಬ್ರಷ್ಷೇ. ಬರಿಗೈಗೆ ಇದು ಸಾಧ್ಯವಿಲ್ಲ. ತಂದೆಯವರ ಕೆನ್ನೆಯ ಗಾಯಗಳಿಗೆ ಕೈನಡುಕವೊಂದೇ ಕಾರಣವಾಗಿರಲಿಲ್ಲ.

ಹಿಂದೆ ಈ ಚಿಂತೆಯೆಲ್ಲ ಕ್ಷೌರಿಕನಿಗೆ ಸೇರಿದ್ದು. ಕತ್ತಿ, ಸಾಣೆಯ ಕಲ್ಲು, ಕನ್ನಡಿ ಮುಂತಾದ ಸಲಕರಣೆಗಳನ್ನು ಚೀಲದಲ್ಲಿಟ್ಟುಕೊಂಡು ಅವನು ಮನೆಗೆ ಬರುತ್ತಿದ್ದ. ಆ ಚೀಲಕ್ಕೆ ಕನ್ನಡದಲ್ಲಿ ಹಡಪವೆಂದು ಹೆಸರು. ಎಲೆಯಡಿಕೆಯ ಸಂಚಿಗೂ ಅದೇ ಹೆಸರು. ಬಸವಣ್ಣನವರ ಒಡನಾಡಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ಯಾರು ತಾನೆ ಅರಿಯರು? ಇಂದಿಗೂ ನಂಜನಗೂಡಿನಲ್ಲಿ ಕಪಿಲೆಯ ದಂಡೆಯ ಮೇಲೆ ಹರಕೆಯ ಮುಡಿ ಕೊಡುವವರ ತಲೆಯನ್ನು ನದಿಯ ನೀರಿನಿಂದಲೇ ನೆನೆಸುತ್ತಾರೆ. ಕೂದಲು ಚೆನ್ನಾಗಿ ನೆನೆಯಬೇಕೆಂಬ ಮೂಲಸೂತ್ರ ಅವರಿಗೆ ಗೊತ್ತು. ಅಮೆರಿಕದ ಕಿಂಗ್ ಜಿಲೆಟ್ ಬದಲಿ ಬ್ಲೇಡಿನ ಸುರಕ್ಷಿತ ರೇಜರನ್ನು ೧೯೦೩ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಗಂಡಸರು ಮನೆಯಲ್ಲಿಯೇ ಮುಖಕ್ಷೌರ ಮಾಡಿಕೊಳ್ಳುವ ರೂಢಿ ಜಗತ್ತಿನಲ್ಲಿ ಹಬ್ಬಿತು. ಕ್ಷೌರಿಕನ ಕೈಯಲ್ಲಿದ್ದ ಬ್ರಷ್ಷು ಹೀಗೆ ನಮ್ಮ ಕಿಟಕಿಯ ಮೇಲೆ ಬಂದು ಕುಳಿತಿತು. ಅದನ್ನು ಆರಿಸುವ ವಿದ್ಯೆ ಮಾತ್ರ ನಮಗೆ ಬರಲಿಲ್ಲ.

ಇನ್ನು ಕೂದಲಿನ ವಿಚಾರ. ಬ್ರಷ್ಷುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಮೊದಲನೆಯದು ಹಂದಿಯ ಬಿರುಗೂದಲು. ಪೊಟ್ಟಣದ ಮೇಲೆ 'ಬ್ರಿಸಲ್' ಎಂದಷ್ಟೇ ಬರೆದಿದ್ದರೆ ಸಾಮಾನ್ಯವಾಗಿ ಇದೇ ಎಂದು ತಿಳಿಯಬೇಕು. ಇದು ಗಡುಸಾಗಿರುತ್ತದೆ, ನೀರನ್ನು ಒಳಗೆ ಹೀರಿಕೊಳ್ಳುತ್ತದೆ. ಆದ್ದರಿಂದ ಬಳಸುವ ಮೊದಲು ಕೆಲವು ನಿಮಿಷ ನೆನೆಸಬೇಕು. ಹೊಸದರಲ್ಲಿ ವಾಸನೆಯುಂಟು, ಚುಚ್ಚುವುದೂ ಉಂಟು. ಕೆಲವು ವಾರಗಳ ಬಳಕೆಯಲ್ಲಿ ಪ್ರತಿಯೊಂದು ಎಳೆಯ ತುದಿಯೂ ಕವಲೊಡೆದು ಮೃದುವಾಗುತ್ತದೆ. ಹಳೆಯ ಬ್ರಷ್ಷನ್ನು ಬಿಡಲು ಹಿರಿಯರಿಗೆ ಮನಸ್ಸು ಬಾರದಿರುವುದರ ಗುಟ್ಟು ಇದೇ.

ಎರಡನೆಯದು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲು. ಇದು ನಮ್ಮ ಕಾಡುಗಳ ತರಕರಡಿಯ ಕುಟುಂಬಕ್ಕೇ ಸೇರಿದ, ಬಿಲ ತೋಡಿ ಬದುಕುವ ಪ್ರಾಣಿ. ತುದಿ ಬಿಳುಪು, ನಡುವೆ ಕಪ್ಪು ಪಟ್ಟಿ, ಬುಡ ಮತ್ತೆ ತಿಳಿ ಬಣ್ಣ. ಎಳೆಯ ತುದಿ ಸೂಜಿಯಂತೆ ಸಣ್ಣಗಾಗುವುದರಿಂದ ಮುಖಕ್ಕೆ ಹಿತ, ನೀರನ್ನೂ ಬಹಳ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಇಂದು ಮಾರುಕಟ್ಟೆಗೆ ಬರುವ ಈ ಕೂದಲಿನ ಬಹುಪಾಲು ಚೀನಾದ್ದು. ಹಂದಿಯ ಕೂದಲಿಗೇ ಕಪ್ಪು ಪಟ್ಟಿ ಬಣ್ಣ ಹಚ್ಚಿ ಬ್ಯಾಡ್ಜರಿನಂತೆ ಕಾಣಿಸುವ ಮಾಲೂ ಉಂಟು. ಬೆಲೆ ಕೊಟ್ಟ ಮಾತ್ರಕ್ಕೆ ನಂಬುವಂತಿಲ್ಲ.

ಮೂರನೆಯದು ಕುದುರೆಯ ಬಾಲ ಮತ್ತು ಕೇಸರದ ಕೂದಲು. ಗಡುಸಿನಲ್ಲಿ ಹಂದಿಗೂ ಬ್ಯಾಡ್ಜರಿಗೂ ನಡುವಿನದು. ಪ್ರಾಣಿಯನ್ನು ಕೊಲ್ಲದೆ ಕತ್ತರಿಸಿ ತೆಗೆಯಬಹುದಾದ್ದು. ನಾಲ್ಕನೆಯದು ಮನುಷ್ಯ ಮಾಡಿದ ನೂಲು. ೧೯೩೫ರಲ್ಲಿ ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕರೋದರ್ಸ್ ನೈಲಾನನ್ನು ತಯಾರಿಸಿದರು. ೧೯೩೮ರಲ್ಲಿ ನೈಲಾನಿನ ಹಲ್ಲುಜ್ಜುವ ಬ್ರಷ್ಷು ಬಂದಿತು. ಅಲ್ಲಿಯವರೆಗೆ ಹಲ್ಲಿನ ಬ್ರಷ್ಷಿಗೂ ಹಂದಿಯ ಕೂದಲೇ ಗತಿ. ೧೯೧೩ರಲ್ಲಿ ಸ್ಥಾಪನೆಯಾದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿಯನ್ನು ಬೆರಳಿನಿಂದ ತಿಕ್ಕಿಕೊಂಡ ನಮ್ಮ ಹಿರಿಯರಿಗೆ ಆ ತೊಡಕು ಬರಲಿಲ್ಲವೆನ್ನಿ. ಮೊದಲ ಕಾಲದ ನೈಲಾನ್ ಬ್ರಷ್ಷುಗಳು ಪೊರಕೆಯಂತೆ ಒರಟಾಗಿದ್ದವು. ಈಗ ಬರುವ ನಯವಾದ ಪಾಲಿಯೆಸ್ಟರ್ ಎಳೆಗಳನ್ನು ತುದಿಯಲ್ಲಿ ಸಣ್ಣಗೆ ಮಾಡಿ ಬ್ಯಾಡ್ಜರಿನ ಹಿತವನ್ನೇ ತರಲು ಯತ್ನಿಸಿದ್ದಾರೆ. ಇವನ್ನು ನೆನೆಸಬೇಕಾಗಿಲ್ಲ, ಬೇಗ ಒಣಗುತ್ತವೆ, ಸೋಪೂ ಕಡಮೆ ಸಾಕು.

ಕೊಂಡದ್ದು ಯಾವ ಬಗೆಯೆಂದು ತಿಳಿಯುವುದು ಹೇಗೆ? ಒಂದು ಎಳೆಯನ್ನು ಕಿತ್ತು ಚಿಮುಟದಲ್ಲಿ ಹಿಡಿದು ಬೆಂಕಿಕಡ್ಡಿಯ ಉರಿಗೆ ಒಡ್ಡಿರಿ. ಪ್ರಾಣಿಯ ಕೂದಲಾದರೆ ಸುಟ್ಟ ಕೂದಲಿನದೇ ಕಮಟು ವಾಸನೆ ಬಂದು, ಉಳಿದ ಕರಿ ಬೆರಳಿಗೆ ಪುಡಿಯಾಗುತ್ತದೆ. ನೈಲಾನ್ ಅಥವಾ ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಎರಡನ್ನೂ ಬೆರೆಸಿದ ಬ್ರಷ್ಷುಗಳೂ ಇರುವುದರಿಂದ ಬೇರೆ ಬೇರೆ ಕಡೆಯ ನಾಲ್ಕಾರು ಎಳೆಗಳನ್ನು ನೋಡಬೇಕು. ಅಂಗಡಿಯವನು ಉತ್ತರಿಸದ ಪ್ರಶ್ನೆಗೆ ಒಂದು ಬೆಂಕಿಕಡ್ಡಿ ಉತ್ತರಿಸುತ್ತದೆ.

'ಯಾತರ ಕೂದಲು' ಎಂಬ ಪ್ರಶ್ನೆ ಮಡಿವಂತಿಕೆಯದು ಮಾತ್ರವೆಂದು ಯಾರಾದರೂ ನಕ್ಕರೆ, ಅವರಿಗೆ ಮೊದಲನೆಯ ಮಹಾಯುದ್ಧದ ಕಾಲದ ಒಂದು ಸಂಗತಿಯನ್ನು ನೆನಪಿಸಬೇಕು. ದನ ಸಾಕುವ ನಮ್ಮವರಿಗೆ ನೆರಡಿ ರೋಗ ಗೊತ್ತು. ಇಂಗ್ಲಿಷಿನವರು ಆಂಥ್ರಾಕ್ಸ್ ಎನ್ನುವುದು ಅದನ್ನೇ. ಯುದ್ಧದಿಂದ ಒಳ್ಳೆಯ ಕೂದಲಿನ ವ್ಯಾಪಾರ ಕೆಟ್ಟು, ಸರಿಯಾಗಿ ಶುದ್ಧಿಮಾಡದ ಕುದುರೆಯ ಕೂದಲನ್ನು ಬ್ಯಾಡ್ಜರಿನಂತೆ ಕಾಣಿಸಿ ಬ್ರಷ್ಷುಗಳನ್ನು ಮಾಡಿದರು. ರೋಗದಿಂದ ಸತ್ತ ಪ್ರಾಣಿಗಳ ಕೂದಲಿನೊಡನೆ ರೋಗದ ಬೀಜಾಣುಗಳೂ ಬಂದವು. ಅಲಗು ತಾಕಿದ ಗಾಯದ ಮೂಲಕ ಮನುಷ್ಯರ ಮೈ ಸೇರಿದವು. ಬ್ರಿಟನ್ ಮತ್ತು ಅಮೆರಿಕಗಳಲ್ಲಿ ಸೈನಿಕರೂ ನಾಗರಿಕರೂ ಸೇರಿ ಇನ್ನೂರಕ್ಕೂ ಹೆಚ್ಚು ಜನ ಹೀಗೆ ರೋಗಕ್ಕೀಡಾದರೆಂದು ೨೦೧೭ರಲ್ಲಿ ಪ್ರಕಟವಾದ ಒಂದು ವೈದ್ಯಕೀಯ ಲೇಖನ ಲೆಕ್ಕ ಕೊಡುತ್ತದೆ. ೧೯೨೦ರಲ್ಲಿ ಬ್ರಿಟನ್ ಸರಕಾರ ಜಪಾನಿನಿಂದ ಕ್ಷೌರದ ಬ್ರಷ್ಷುಗಳನ್ನು ತರಿಸುವುದನ್ನೇ ನಿಷೇಧಿಸಿತು. ಚೆನ್ನಾಗಿ ಶುದ್ಧಿಮಾಡಿದ ಹೊಸ ಬ್ರಷ್ಷಿಗೆ ಈಗ ಹೆದರಬೇಕಾಗಿಲ್ಲ. ಆದರೆ ಮೂಲ ತಿಳಿಯದ ಹಳೆಯ ಬ್ರಷ್ಷನ್ನು ಅಂದವಾಗಿದೆಯೆಂದು ತಂದು ಮುಖಕ್ಕೆ ಹಚ್ಚುವುದು ಬೇಡ.

ಕೂದಲನ್ನು ಆರಿಸಿದ ಮೇಲೆ ಅಳತೆ. ಕುಚ್ಚಿನ ಬುಡದ ದಪ್ಪ ಸಾಮಾನ್ಯವಾಗಿ ೨೦ರಿಂದ ೨೬ ಮಿಲಿಮೀಟರ್, ಹಿಡಿಯಿಂದ ಮೇಲಕ್ಕೆ ಎಳೆಗಳ ಎತ್ತರ ೪೫ರಿಂದ ೫೫. ಒಂದೇ ದಪ್ಪದ ಕುಚ್ಚು ಗಿಡ್ಡವಾದಷ್ಟೂ ಗಡುಸು, ಎತ್ತರವಾದಷ್ಟೂ ಸಡಿಲ. ಗಡ್ಡ ದಟ್ಟವಾಗಿದ್ದು ಚರ್ಮ ಗಟ್ಟಿಯಾಗಿರುವ ಪ್ರಾಯದವರಿಗೆ ಗಿಡ್ಡ, ಗಡುಸು ಕುಚ್ಚು ಸರಿ. ಅದು ಕೂದಲಿನ ಬುಡದವರೆಗೂ ನೊರೆಯನ್ನು ಒತ್ತುತ್ತದೆ. ಮೊಡವೆಯ ಮುಖದವರಿಗೂ, ಗುಂಗುರು ಗಡ್ಡದ ಕೂದಲು ಚರ್ಮದೊಳಗೇ ತಿರುಗಿ ಗುಳ್ಳೆಯೇಳುವವರಿಗೂ, ಸುಕ್ಕುಗಟ್ಟಿದ ತೆಳು ಚರ್ಮದ ವೃದ್ಧರಿಗೂ ಎತ್ತರದ ಮೆತ್ತನೆಯ ಕುಚ್ಚೇ ಹಿತ. ಮೀಸೆ ಬಿಟ್ಟವರಿಗೆ ಸಣ್ಣ ಕುಚ್ಚಾದರೆ ಮೂಗಿನ ಕೆಳಗೆ ತಿರುಗಿಸಲು ಅನುಕೂಲ. ಬಟ್ಟಲಿನಲ್ಲಿ ನೊರೆ ಮಾಡಿಕೊಳ್ಳುವವರು ಸಡಿಲವಾದುದನ್ನೂ, ಸೋಪನ್ನು ಕೆನ್ನೆಗೇ ತಿಕ್ಕಿ ನೊರೆ ಎಬ್ಬಿಸುವವರು ಗಡುಸಾದುದನ್ನೂ ಆರಿಸಬಹುದು. ಕೈ ನಡುಗುವವರಿಗೆ ನುಣುಪಾದ ಸಣ್ಣ ಹಿಡಿ ಜಾರುತ್ತದೆ. ನಡು ಸಣ್ಣಗಾಗಿ ಬುಡ ದಪ್ಪಗಿರುವ ಹಿಡಿ ಬೇಕು. ಒಣಗಿದ ಬ್ರಷ್ಷನ್ನು ಅಂಗೈಗೆ ಒತ್ತಿ ನೋಡುವುದಕ್ಕಿಂತ ಕೆನ್ನೆಗೆ ಮೆಲ್ಲಗೆ ಒತ್ತಿ ನೋಡುವುದು ಮೇಲು. ದುಡಿದ ಅಂಗೈಗೆ ಚುಚ್ಚದ್ದು ಕೆನ್ನೆಗೆ ಚುಚ್ಚೀತು.

ನೀರನ್ನೂ ಮರೆಯಬಾರದು. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದರ ಸುಣ್ಣದ ಅಂಶ ಸೋಪಿನೊಡನೆ ಕೂಡಿ ನೊರೆಗೆ ಬದಲು ಜಿಡ್ಡಿನಂಥ ಕಸರನ್ನು ಮಾಡುತ್ತದೆ. ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತಿದ್ದರೆ ನಿಮ್ಮ ನೀರು ಅಂಥದೇ. ನೊರೆ ಏಳದಿದ್ದರೆ ಬ್ರಷ್ಷನ್ನು ಬೈಯುವ ಮೊದಲು ಒಂದು ಲೋಟ ಮಳೆನೀರಿನಲ್ಲಿಯೋ ಹೊಳೆನೀರಿನಲ್ಲಿಯೋ ಪರೀಕ್ಷಿಸಿ ನೋಡಿ. ನಾನು ತಂದೆಯವರಿಗೆ ಮೊದಲು ತಂದುಕೊಟ್ಟದ್ದು ಅಗ್ಗದ ನೈಲಾನಿನದು. ಬೆಂಕಿಕಡ್ಡಿಯ ಪರೀಕ್ಷೆಯಲ್ಲಿ ಗೆದ್ದಿತು, ಕೆನ್ನೆಯ ಪರೀಕ್ಷೆಯಲ್ಲಿ ಸೋತಿತು. ಎರಡನೆಯದು ನಯವಾದ ನೂಲಿನದಾದರೂ ನೊರೆ ಏಳಲಿಲ್ಲ. ಅದನ್ನೂ ಹಿಂತಿರುಗಿಸಲು ಹೊರಟಿದ್ದೆ. ಮಳೆ ಬಂದ ದಿನ ಸೂರಿನ ನೀರು ಹಿಡಿದು ನೋಡಿದಾಗ ಬಟ್ಟಲು ತುಂಬ ನೊರೆ ಎದ್ದಿತು. ತಪ್ಪು ನಮ್ಮ ಬಾವಿಯದೇ ಹೊರತು ಬ್ರಷ್ಷಿನದಲ್ಲ. ಈಗ ಅವರ ಕ್ಷೌರಕ್ಕೆಂದು ಹೊಳೆಯ ನೀರು ಒಂದು ತಂಬಿಗೆ ಬೇರೆಯಾಗಿ ಕಾಯುತ್ತದೆ.

ಆರೈಕೆಯ ಮಾತು ಚಿಕ್ಕದು. ಕ್ಷೌರವಾದೊಡನೆ ಸೋಪೆಲ್ಲ ಹೋಗುವಂತೆ ತೊಳೆದು, ಜಾಡಿಸಿ, ಗಾಳಿಯಾಡುವಲ್ಲಿ ಇಡಬೇಕು. ಒದ್ದೆಯಾಗಿ ಡಬ್ಬಿಯಲ್ಲಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಕುದಿಯುವ ನೀರು ಬುಡದ ಅಂಟನ್ನು ಸಡಿಲಿಸುತ್ತದೆ, ಬೆಚ್ಚನೆಯದೇ ಸಾಕು. ಕಸರು ಕಟ್ಟಿದ್ದರೆ ನಿಂಬೆರಸ ಹಿಂಡಿದ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು ತೊಳೆಯಬೇಕು. ಹೊಸ ಬ್ರಷ್ಷಿನಲ್ಲಿ ಮೊದಲ ಕೆಲವು ದಿನ ನಾಲ್ಕೆಂಟು ಎಳೆ ಉದುರಿದರೆ ಚಿಂತೆಯಿಲ್ಲ. ತಿಂಗಳಾದರೂ ಉದುರುತ್ತಿದ್ದರೆ ಕುಚ್ಚು ಸರಿಯಾಗಿ ಕೂತಿಲ್ಲವೆಂದರ್ಥ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರ ಬ್ರಷ್ಷನ್ನು ಇನ್ನೊಬ್ಬರು ಬಳಸಬಾರದು. ಅಂಗಡಿಗೆ ಹೋಗಿ ಕ್ಷೌರ ಮಾಡಿಸಿಕೊಳ್ಳುವವರು ಹೊಸ ಬ್ಲೇಡನ್ನು ಕೇಳುವಂತೆ, ಸ್ವಂತ ಬ್ರಷ್ಷನ್ನು ಒಯ್ದರೂ ತಪ್ಪಿಲ್ಲ.

ಇಷ್ಟೆಲ್ಲ ಆದ ಮೇಲೆ ಉತ್ತಮವಾದ ಬ್ರಷ್ಷು ಯಾವುದೆಂದು ಯಾರಾದರೂ ಕೇಳಿದರೆ ಒಂದು ಹೆಸರು ಹೇಳಲಾರೆ. ಕೆನ್ನೆಗೆ ಒಪ್ಪಬೇಕು, ಊರಿನ ನೀರಿಗೆ ಒಪ್ಪಬೇಕು, ಬಳಸುವವನ ಮನಸ್ಸಿಗೂ ಒಪ್ಪಬೇಕು. ಮೊದಲೆರಡನ್ನು ತಿಳಿದವರು ಹೇಳಿಕೊಡಬಹುದು. ಮೂರನೆಯದನ್ನು ಅವರವರೇ ತೀರ್ಮಾನಿಸಬೇಕು. ನಾನು ಈಗಲೂ ಬಿರುಗೂದಲಿನ ಬ್ರಷ್ಷನ್ನೇ ಬಳಸುತ್ತೇನೆ. ನನ್ನ ಗಡ್ಡ ಒರಟು. ತಂದೆಯವರು ಅದನ್ನು ಬಲ್ಲರು, ಆಕ್ಷೇಪಿಸಿಲ್ಲ. ನನ್ನದನ್ನು ಅವರ ಕಿಟಕಿಯ ಮೇಲೆ ಇಡುವುದಿಲ್ಲ, ಅಷ್ಟೆ. ಅವರ ಹಳೆಯ ಬ್ರಷ್ಷು ಅಟ್ಟದ ಮೇಲಿಂದ ಇಳಿದು ಬಂದು, ಈಗ ಸೈಕಲ್ಲಿನ ಚೈನಿನ ಧೂಳು ಒರೆಸುತ್ತಿದೆ. ಇಪ್ಪತ್ತು ವರ್ಷಗಳ ಬಳಕೆಯಿಂದ ಅದರ ತುದಿಗಳು ರೇಷ್ಮೆಯಷ್ಟು ಮೆತ್ತಗಾಗಿವೆ. ತಂದೆಯವರ ಕೆನ್ನೆಯ ಮೇಲೆ ಈಚೆಗೆ ಗಾಯ ಕಂಡಿಲ್ಲ.