ಮಾರಿದ ಗಾಡಿ, ಬಾರದ ಹಣ

ಪರಿಚಯದವನೆಂಬ ವಿಶ್ವಾಸದಿಂದ ಮೋಟಾರ್ ಸೈಕಲನ್ನು ಕೊಟ್ಟು, ಅರ್ಧ ಹಣ ಪಡೆದು, ಉಳಿದುದಕ್ಕೆ ತಿಂಗಳುಗಟ್ಟಲೆ ಅಲೆಯುವವರು ಊರೂರಿನಲ್ಲಿಯೂ ಇರುವರು. ಇನ್ನೊಂದು ಕೀಲಿಕೈ ತಮ್ಮಲ್ಲಿಯೇ ಇರುವದರಿಂದ ರಾತ್ರಿ ಹೋಗಿ ಗಾಡಿಯನ್ನು ತಂದುಬಿಡಬಹುದೆಂದು ಇಂಥವರು ಎಣಿಸುವದುಂಟು. ಇದು ಅಪಾಯದ ದಾರಿಯೆಂದು ನಾವು ಸ್ಪಷ್ಟವಾಗಿ ಹೇಳಬಯಸುವೆವು. 1930ರ ಸರಕು ಮಾರಾಟದ ಕಾಯಿದೆಯ ಮೇರೆಗೆ, ಬೇರೆ ಕರಾರಿಲ್ಲದಿದ್ದರೆ, ಹಣ ಸಲ್ಲುವದು ತಡವಾದರೂ ಗಾಡಿಯ ಒಡೆತನವು ಒಪ್ಪಂದವಾದೊಡನೆಯೇ ಕೊಂಡವನಿಗೆ ಸೇರುವದು. ಕಳವಿನ ಆರೋಪವು ಮಾರಿದವನ ಮೇಲೆಯೇ ಬಿದ್ದೀತು! ಹಣ ಬರುವವರೆಗೆ ವಸ್ತುವನ್ನು ತಡೆದಿಟ್ಟುಕೊಳ್ಳುವ ಹಕ್ಕು ಅವನಿಗಿದ್ದುದು ನಿಜ. ಗಾಡಿಯನ್ನು ಒಪ್ಪಿಸಿದೊಡನೆ ಅದೂ ಹೋಯಿತು. ಉಳಿಯುವದು ಬೆಲೆಗಾಗಿ ದಿವಾಣಿ ದಾವೆ.

ಪೋಲೀಸರು ಇದು ದಿವಾಣಿ ವ್ಯವಹಾರವೆಂದು ತಿರುಗಿ ಕಳುಹಿಸಿದರೆ ಸಿಟ್ಟಾಗಿ ಫಲವಿಲ್ಲ. ಮೊದಲಿನಿಂದಲೇ ಮೋಸದ ಬುದ್ಧಿಯಿತ್ತೆಂದು ತೋರಿಸದೆ ಬರಿಯ ಬಾಕಿಯು ವಂಚನೆಯಾಗಲಾರದು. ಕೊಂಡವನು ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದ್ದರೆ ಮಾತು ಬೇರೆ: ಸುದ್ದಿ ತಿಳಿದ 30 ದಿನಗಳೊಳಗೆ ಲಿಖಿತ ನೋಟೀಸು, ಅದು ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಫಿರ್ಯಾದಿ.

ನೋಂದಣಿ ಪತ್ರದಲ್ಲಿ ತಮ್ಮ ಹೆಸರೇ ಇರುವದೆಂದು ಕೆಲವರು ಸಮಾಧಾನ ತಾಳುವರು. ಅದು ಕೊರಳಿಗೆ ಕಟ್ಟಿದ ಕಲ್ಲು. ಗಾಡಿಯು ಯಾರಿಗಾದರೂ ಬಡಿದರೆ ಪರಿಹಾರದ ಹೊಣೆಯು ದಾಖಲೆಯಲ್ಲಿನ ಒಡೆಯನದೆಂದು ಸುಪ್ರೀಂ ಕೋರ್ಟು 2018ರಲ್ಲಿ ನಿರ್ಣಯಿಸಿರುವದು. ಒಂದೇ ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು.

ಬೆಲೆಯ ದಾವೆಗೆ ಮುದ್ದತು ಮೂರು ವರ್ಷ. ಅದರೊಳಗೆ ಬಾಕಿಯನ್ನು ಒಪ್ಪಿ ಕೊಂಡವನು ಸಹಿ ಮಾಡಿದ ಚೀಟಿಯೊಂದು ದೊರೆತರೂ ಆ ದಿನದಿಂದ ಎಣಿಕೆಯು ಹೊಸದಾಗಿ ಆರಂಭವಾಗುವದು.