ಆಡಿದ್ದಕ್ಕೆ ಸಂಬಳ

ದಸರಾ ಹತ್ತಿರ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ತಾಲ್ಲೂಕು ಮಟ್ಟದ ಕ್ರೀಡಾಕೂಟದ ಗಡಿಬಿಡಿ. ಹೆಣ್ಣುಮಕ್ಕಳು ಖೊಖೊ, ಕಬಡ್ಡಿ, ಥ್ರೋಬಾಲ್, ವಾಲಿಬಾಲ್ ಅಂಕಣಕ್ಕೆ ಇಳಿಯುತ್ತಾರೆ. ಬ್ಯಾಸ್ಕೆಟ್‌ಬಾಲ್ ಮಾತ್ರ ಈ ಹಂತದಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಕಾರಣ ನೆಲದಲ್ಲೇ ಇದೆ. ಸುಣ್ಣದ ಗೆರೆ ಎಳೆದು ಎರಡು ಕಂಬ ನೆಟ್ಟರೆ ಖೊಖೊ ಶುರು ಮಾಡಬಹುದು. ಬ್ಯಾಸ್ಕೆಟ್‌ಬಾಲ್‌ಗೆ ಚೆಂಡು ಪುಟಿಯಬೇಕು. ಅದಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ಅಂಕಣ ಬೇಕು, ಹತ್ತು ಅಡಿ ಎತ್ತರದಲ್ಲಿ ಅಲುಗಾಡದ ರಿಂಗ್ ಬೇಕು. ಮಳೆ ನಿಂತ ಮರುದಿನ ಶಾಲೆಯ ಮಣ್ಣಿನ ಮೈದಾನದಲ್ಲಿ ಡ್ರಿಬಲ್ ಮಾಡಲು ಹೋದರೆ ಚೆಂಡು ಕೆಸರಿನಲ್ಲೇ ಕೂರುತ್ತದೆ. ಹಾಗಾಗಿ ಈ ಆಟ ನಗರದ ಕಾಲೇಜು, ಕ್ಲಬ್ಬು, ಕ್ರೀಡಾ ಹಾಸ್ಟೆಲ್‌ಗಳ ಆಟವಾಗಿಯೇ ಉಳಿದಿದೆ.

ಇದೇ ಆಟವನ್ನು ಹೆಂಗಸರ ಹೊಟ್ಟೆಪಾಡಿನ ಉದ್ಯೋಗ ಮಾಡಿದ ಲೀಗ್ ಅಮೆರಿಕದ ಡಬ್ಲ್ಯುಎನ್‌ಬಿಎ. ಅಲ್ಲಿನ ಪುರುಷರ ಲೀಗ್ ಎನ್‌ಬಿಎ 1996ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಆ ಬೇಸಿಗೆಯಲ್ಲೇ ಅಮೆರಿಕದ ಮಹಿಳೆಯರು ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1997ರ ಜೂನ್ 21ರಂದು ಲಾಸ್ ಏಂಜಲೀಸ್ ಬಳಿ ಮೊದಲ ಪಂದ್ಯ: ನ್ಯೂಯಾರ್ಕ್ ಲಿಬರ್ಟಿ ತಂಡ ಲಾಸ್ ಏಂಜಲೀಸ್ ಸ್ಪಾರ್ಕ್ಸ್ ತಂಡವನ್ನು 67–57ರಿಂದ ಸೋಲಿಸಿತು. ಪುರುಷರ ಋತು ಮುಗಿದು ಕ್ರೀಡಾಂಗಣಗಳು ಖಾಲಿ ಬೀಳುವ ಬೇಸಿಗೆಯೇ ಮಹಿಳೆಯರ ಪಾಲಿಗೆ ಬಂತು. ಇಂದಿಗೂ ಅವರ ಋತು ಅದೇ.

ಮೊದಲ ವರ್ಷ ಇದ್ದದ್ದು ಎಂಟು ತಂಡ. ಅವುಗಳ, ಆಮೇಲೆ ಸೇರಿದವುಗಳ ಕಥೆ ಓದಿದರೆ ಲೀಗ್ ನಡೆಸುವ ಕಷ್ಟ ತಿಳಿಯುತ್ತದೆ. ಹ್ಯೂಸ್ಟನ್ ಕಾಮೆಟ್ಸ್ ಮೊದಲ ನಾಲ್ಕೂ ವರ್ಷ ಚಾಂಪಿಯನ್. ಸಿಂಥಿಯಾ ಕೂಪರ್, ಶೆರಿಲ್ ಸ್ವೂಪ್ಸ್, ಟೀನಾ ಥಾಮ್ಸನ್ ಆಡಿದ ಆ ತಂಡವೇ 2008ರಲ್ಲಿ ಬಾಗಿಲು ಹಾಕಿತು. ಯೂಟಾದಲ್ಲಿ ಹುಟ್ಟಿದ ತಂಡ ಸ್ಯಾನ್ ಆಂಟೋನಿಯೊಗೆ ಹೋಗಿ, 2018ರಿಂದ ಲಾಸ್ ವೇಗಸ್ ಏಸಸ್ ಎಂಬ ಹೆಸರಲ್ಲಿ ಆಡುತ್ತಿದೆ. 2022, 2023, 2025ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. 2003ರಲ್ಲಿ ಒರ್ಲಾಂಡೊದ ತಂಡವನ್ನು ಮೊಹೀಗನ್ ಎಂಬ ಮೂಲನಿವಾಸಿ ಬುಡಕಟ್ಟು ಕೊಂಡು, ತನ್ನೂರಿಗೆ ತಂದು ಕನೆಕ್ಟಿಕಟ್ ಸನ್ ಎಂದು ಹೆಸರಿಟ್ಟಿತು. ಹಾಡಿಗಳನ್ನು ನೋಡುತ್ತಾ ಬೆಳೆದ ಕೋಟೆ, ಹುಣಸೂರಿನವರಿಗೆ ಇದು ವಿಚಿತ್ರ ಸುದ್ದಿ ಎನಿಸಬಹುದು: ಬುಡಕಟ್ಟೊಂದು ವೃತ್ತಿಪರ ತಂಡದ ಒಡೆತನ ಪಡೆದದ್ದು. (ದುಡ್ಡು ಬಂದದ್ದು ಅವರ ಕ್ಯಾಸಿನೊದಿಂದ ಎಂಬುದನ್ನೂ ಹೇಳಿಬಿಡಬೇಕು.)

ಹೊಸ ತಂಡಗಳೂ ಬರುತ್ತಿವೆ. 2025ರಲ್ಲಿ ಸೇರಿದ ಗೋಲ್ಡನ್ ಸ್ಟೇಟ್ ವಾಲ್ಕಿರೀಸ್ 13ನೆಯದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದು ಆಡಿದ ಒಂದೊಂದು ಪಂದ್ಯಕ್ಕೂ 18,064 ಜನ ಸೇರಿದರು, ಒಂದು ಕುರ್ಚಿಯೂ ಖಾಲಿ ಉಳಿಯಲಿಲ್ಲ.

ಜನ ಸೇರಿದ ಮಾತ್ರಕ್ಕೆ ಆಟಗಾರ್ತಿಯ ಕಿಸೆ ತುಂಬುವುದಿಲ್ಲ. 2024ರ ಡ್ರಾಫ್ಟ್‌ನಲ್ಲಿ, ಎಂದರೆ ಕಾಲೇಜು ಮುಗಿಸಿದವರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಲ್ಲಿ, ಮೊದಲು ಆಯ್ಕೆಯಾದವಳು ಇಂಡಿಯಾನಾ ಫೀವರ್‌ನ ಕೇಟ್ಲಿನ್ ಕ್ಲಾರ್ಕ್. ಮೊದಲ ವರ್ಷದ ಸಂಬಳ 76,535 ಡಾಲರ್, ನಮ್ಮ ಲೆಕ್ಕದಲ್ಲಿ 64 ಲಕ್ಷ ರೂಪಾಯಿಯ ಆಸುಪಾಸು. ನಮಗೆ ದೊಡ್ಡ ಮೊತ್ತ, ನಿಜ. ಆದರೆ ಅದೇ ವರ್ಷ ಪುರುಷರಲ್ಲಿ ಮೊದಲ ಆಯ್ಕೆಯಾದವನಿಗೆ ಸಿಕ್ಕಿದ್ದು ಒಂದು ಕೋಟಿ ಡಾಲರ್‌ಗೂ ಹೆಚ್ಚು. ಸಂಬಳ ಸಾಲದೆ ಹಲವರು ಚಳಿಗಾಲದಲ್ಲಿ ರಷ್ಯಾ, ಟರ್ಕಿಗೆ ಹೋಗಿ ಆಡುತ್ತಿದ್ದರು. 2022ರಲ್ಲಿ ಮಾಸ್ಕೊದಲ್ಲಿ ಬಂಧನಕ್ಕೊಳಗಾದ ಬ್ರಿಟ್ನಿ ಗ್ರೈನರ್ ಹೋಗಿದ್ದೂ ಹಾಗೇ. 2025ರಲ್ಲಿ ನಫೀಸಾ ಕಾಲಿಯರ್, ಬ್ರಿಯಾನಾ ಸ್ಟೀವರ್ಟ್ ಎಂಬ ಆಟಗಾರ್ತಿಯರೇ ಮಯಾಮಿ ಬಳಿ ‘ಅನ್‌ರೈವಲ್ಡ್’ ಎಂಬ ಚಳಿಗಾಲದ ಲೀಗ್ ಶುರು ಮಾಡಿದರು. ಬೇಡುತ್ತಾ ಕೂರದೆ ತಾವೇ ಅಂಗಡಿ ತೆರೆದರು.

ನಮ್ಮ ದೇಶದಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಸಂಬಳ ಕೊಟ್ಟು ಸಾಕಿದ್ದು ಮುಖ್ಯವಾಗಿ ರೈಲ್ವೆ. ದಕ್ಷಿಣ ರೈಲ್ವೆಯ ಗೀತು ಅನ್ನಾ ಜೋಸ್ 2011ರಲ್ಲಿ ಡಬ್ಲ್ಯುಎನ್‌ಬಿಎ ತಂಡಗಳ ಆಯ್ಕೆ ಶಿಬಿರಕ್ಕೆ ಹೋದ ಮೊದಲ ಭಾರತೀಯಳು. ಕೊನೆಗೆ ಜಾಗ ಸಿಗಲಿಲ್ಲ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ 2017ರ ಜುಲೈನಲ್ಲಿ ಏಷ್ಯಾ ಕಪ್‌ನ ‘ಬಿ’ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಮಣಿಸಿತು. ತಂಡದಲ್ಲಿ ನಮ್ಮ ರಾಜ್ಯದ ಪಿ.ಯು. ನವನೀತಾ, ಎಚ್.ಎಂ. ಬಾಂಧವ್ಯ ಇದ್ದರು. ಬಡ್ತಿ ಸಿಕ್ಕಿ 2019ರಲ್ಲಿ ಅದೇ ಅಂಕಣದಲ್ಲಿ ಜಪಾನ್, ಚೀನಾದಂಥವರ ‘ಎ’ ವಿಭಾಗದಲ್ಲಿ ಆಡಿದಾಗ ಎಂಟು ತಂಡಗಳಲ್ಲಿ ಕೊನೆಯ ಸ್ಥಾನ. ವರ್ಷವಿಡೀ ಕಠಿಣ ಪಂದ್ಯ ಆಡುವವರಿಗೂ ಟೂರ್ನಿ ಬಂದಾಗ ಮಾತ್ರ ಶಿಬಿರ ಸೇರುವವರಿಗೂ ಇರುವ ಅಂತರ ಅದು. ಲೀಗ್ ಬೇಕು ಎನ್ನುವುದು ಇದಕ್ಕೇ.

ಲೀಗ್ ಮಾಡುವ ಪ್ರಯತ್ನ ಕಬಡ್ಡಿಯಲ್ಲಿ ಒಮ್ಮೆ ನಡೆಯಿತು. 2016ರ ಮಹಿಳಾ ಕಬಡ್ಡಿ ಚಾಲೆಂಜ್‌ನಲ್ಲಿ ಮೂರೇ ತಂಡ. ಫೈನಲ್ ತಲುಪಿದ ಎರಡಕ್ಕೂ ಕನ್ನಡತಿಯರೇ ನಾಯಕಿಯರು. ತೇಜಸ್ವಿನಿ ಬಾಯಿ ಅವರ ಸ್ಟಾರ್ಮ್ ಕ್ವೀನ್ಸ್, ಮಮತಾ ಪೂಜಾರಿ ಅವರ ಫೈರ್ ಬರ್ಡ್ಸ್ ತಂಡವನ್ನು 24–23ರಿಂದ, ಒಂದೇ ಅಂಕದಿಂದ ಗೆದ್ದಿತು. ಅಂಥ ರೋಚಕ ಫೈನಲ್ ಕಂಡ ಟೂರ್ನಿ ಮರುವರ್ಷ ನಡೆಯಲಿಲ್ಲ. ಎಂಟು ತಂಡ ಕಟ್ಟಿ ವರ್ಷಗಟ್ಟಲೆ ನಷ್ಟ ನುಂಗಿದ ಅಮೆರಿಕದ ತಾಳ್ಮೆ ಇಲ್ಲಿನ ಹೂಡಿಕೆದಾರರಿಗೆ ಇರಲಿಲ್ಲ.

ಪ್ರತಿಭೆಗಂತೂ ಬರವಿಲ್ಲ. ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ಖೊಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಅಟ್ಟಿಸಿ ಓಡುವ, ಗಕ್ಕನೆ ದಿಕ್ಕು ತಿರುಗಿಸುವ ಆ ಕಾಲುಗಳೇ ಬ್ಯಾಸ್ಕೆಟ್‌ಬಾಲ್‌ನ ಗಾರ್ಡ್ ಸ್ಥಾನಕ್ಕೂ ಬೇಕಾದವು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎತ್ತರ ಬೆಳೆಯುತ್ತಿರುವ ಹುಡುಗಿಯಿದ್ದರೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲ್ ಆಯ್ಕೆ ಯಾವಾಗ ಎಂದು ಶಾಲೆಯ ಪಿ.ಟಿ. ಮೇಷ್ಟ್ರನ್ನು ಕೇಳಿ. ಚೆಂಡು ಕೊಳ್ಳುವುದಾದರೆ ಆರನೇ ಸೈಜಿನದು ಕೊಳ್ಳಿ. ಅಂಗಡಿಯವರು ಸುಮ್ಮನೆ ಕೊಡುವ ಏಳನೇ ಸೈಜು ಗಂಡಸರದು.