ಸಿಡಿದದ್ದು ಸಿಲಿಂಡರೇ?

2021ರ ಸೆಪ್ಟೆಂಬರ್ 23ರಂದು ಬೆಂಗಳೂರಿನ ಚಾಮರಾಜಪೇಟೆಯ ನ್ಯೂ ತರಗುಪೇಟೆಯಲ್ಲಿ ಗೋದಾಮೊಂದು ಸಿಡಿದಾಗ ಮೊದಲು ಹಬ್ಬಿದ್ದು ಸಿಲಿಂಡರ್ ಸುದ್ದಿ. ಕಂಪ್ರೆಸರ್ ಮೇಲೂ ಅನುಮಾನ ಹೋಯಿತು. ಪೊಲೀಸರು ನೋಡಿದರೆ ಅಲ್ಲಿ ದಾಸ್ತಾನಿದ್ದದ್ದು ಪಟಾಕಿ.

ಢಂ ಎಂದೊಡನೆ ಸಿಲಿಂಡರಿಗೆ ಬೆರಳು ತೋರಿಸುವುದು ರೂಢಿ. ಅಡುಗೆಮನೆಯ ಅನಾಹುತಗಳಲ್ಲೂ ಎಷ್ಟೋ ಸಲ ಸಿಲಿಂಡರ್ ಇಡಿಯಾಗಿಯೇ ಉಳಿದಿರುತ್ತದೆ. ಹೊತ್ತಿಕೊಂಡಿರುವುದು ಸೋರಿ ಗಾಳಿಯಲ್ಲಿ ಬೆರೆತ ಅನಿಲ. ಗಾಳಿಯಲ್ಲಿ ಎಲ್‌ಪಿಜಿ ಸುಮಾರು ಶೇ 2ರಿಂದ 9ರಷ್ಟಿದ್ದರೆ ಒಂದು ಕಿಡಿ ಸಾಕು. ವಾಸನೆ ಬಂದ ಕೂಡಲೇ ಎಕ್ಸಾಸ್ಟ್ ಫ್ಯಾನ್ ಹಾಕಬೇಕೆಂಬ ನಂಬಿಕೆ ಆ ಕಿಡಿಯನ್ನು ಕೈಯಾರೆ ಒದಗಿಸುತ್ತದೆ. ಸ್ವಿಚ್ ಆರಿಸಿದರೂ ಕಿಡಿಯೇ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡುವುದು ಸರಿಯಾದ ಕ್ರಮ.

ಗ್ಯಾಸ್ ಮೇಲಕ್ಕೇ ಹೋಗುತ್ತದೆ ಎಂಬುದು ಅರ್ಧ ಸತ್ಯ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ನೆಲಕ್ಕಿಳಿದು ಚರಂಡಿ, ಹಳ್ಳಗಳಲ್ಲಿ ನಿಲ್ಲುತ್ತದೆ. ಮೆಜೆಸ್ಟಿಕ್ ಸುತ್ತಲಿನ ಹೋಟೆಲುಗಳ ಅಡುಗೆಮನೆ ನೆಲಮಾಳಿಗೆಯಲ್ಲಿದ್ದರೆ ಕಷ್ಟ ಇಮ್ಮಡಿ. ದಾಭೋಲ್‌ನಿಂದ ಪೈಪಿನಲ್ಲಿ ಬೆಂಗಳೂರಿಗೆ ಬರುವ ನೈಸರ್ಗಿಕ ಅನಿಲದಲ್ಲಿ ಹೆಚ್ಚಿನದು ಮೀಥೇನ್. ಅದು ಹಗುರ, ಸೂರಿನತ್ತ ಏರುತ್ತದೆ. ಸಿಲಿಂಡರ್ ಬಿಟ್ಟು ಪೈಪಿಗೆ ಬದಲಾದ ಹೋಟೆಲಿನಲ್ಲಿ ನೆಲದ ಬಳಿಯಿದ್ದ ಡಿಟೆಕ್ಟರ್ ಹಾಗೇ ಉಳಿದರೆ ಅದು ಅಲಂಕಾರಕ್ಕಷ್ಟೇ.

ಇನ್ನು ಪೆಟ್ರೋಲ್ ಬಂಕ್. ಮೊಬೈಲ್ ನಿಷೇಧ ಎಲ್ಲರಿಗೂ ಗೊತ್ತು, ಪಾಲಿಸುವುದೂ ಲೇಸು. ಆದರೆ ಅಲ್ಲಿ ನಿಜವಾದ ಬೆಂಕಿಗಳಿಗೆ ಕಾರಣವೆಂದು ಹೆಚ್ಚಾಗಿ ಸಿಕ್ಕಿಬಿದ್ದಿರುವುದು ಮೈಯಲ್ಲಿ, ಪಾತ್ರೆಯಲ್ಲಿ ಕೂಡಿಕೊಂಡ ಸ್ಥಿರ ವಿದ್ಯುತ್.

ಇಂಥ ಕಡೆ ಹಾಕುವ ವಿದ್ಯುತ್ ಉಪಕರಣಗಳಿಗೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೋ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಒಪ್ಪಿಗೆ ಬೇಕು. ಅವುಗಳಲ್ಲಿ ಹೆಸರುವಾಸಿಯಾದದ್ದು ‘ಫ್ಲೇಮ್‌ಪ್ರೂಫ್’ ಪೆಟ್ಟಿಗೆ, ಅತಿ ಹೆಚ್ಚು ತಪ್ಪಾಗಿ ತಿಳಿದಿರುವುದೂ ಅದನ್ನೇ. ಅದರೊಳಗೆ ಆವಿ ನುಗ್ಗುವುದಿಲ್ಲ ಎಂದು ಎಲೆಕ್ಟ್ರಿಷಿಯನ್ನರೇ ಹೇಳುವುದುಂಟು. ನುಗ್ಗುತ್ತದೆ. ಒಳಗೆ ಸಿಡಿಯಲೂಬಹುದು, ಆ ಒತ್ತಡವನ್ನು ದಪ್ಪ ಗೋಡೆ ತಡೆಯುತ್ತದೆ. ಮುಚ್ಚಳದ ಅಂಚಿನ ಕೂದಲೆಳೆಯಂಥ ಸಂದಿನಲ್ಲಿ ಹೊರಬರುವ ಬಿಸಿ ಅನಿಲ ಲೋಹಕ್ಕೆ ತಗುಲಿ ತಣಿಯುತ್ತದೆ, ಹೊರಗಿನ ಆವಿಯನ್ನು ಹೊತ್ತಿಸಲಾರದು. ಹಾಗಾಗಿ ಒಂದು ಬೋಲ್ಟ್ ಕಳೆದುಹೋದರೂ, ಕೇಬಲ್ ಎಳೆಯಲು ಹೊಸ ತೂತು ಕೊರೆದರೂ ಪ್ರಮಾಣಪತ್ರ ಬರೀ ಕಾಗದ. ಸಂದಿಗೆ ಬಣ್ಣ ಬಳಿದು ‘ಭದ್ರ’ ಮಾಡುವವರೂ ಇದ್ದಾರೆ. ಅದೂ ಕೂಡದು.

ಗ್ಯಾಸ್ ಇಲ್ಲದ ಕಡೆ ಇದ್ಯಾವುದೂ ಬೇಡವೇ? 1785ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಸಿಡಿದದ್ದು ಬೇಕರಿಯ ಗೋದಿಹಿಟ್ಟು. ತೇಲಿದ ಧೂಳಿಗೆ ದೀಪ ತಗುಲಿತ್ತು. ಅನಿಲಕ್ಕೆ ಒಪ್ಪಿಗೆ ಪಡೆದ ಮೋಟಾರು ಹಿಟ್ಟಿನ ಗಿರಣಿಗೆ ತಾನಾಗಿ ಸಲ್ಲದು, ಅಲ್ಲಿ ಧೂಳು ಹೊಗದ ರಚನೆ ಬೇಕು. ಮೋಟಾರಿನ ಮೇಲೆ ಕೂತ ಹಿಟ್ಟು ಶಾಖ ಹೊರಹೋಗದಂತೆ ತಡೆದು ಅದನ್ನು ಮತ್ತಷ್ಟು ಕಾಯಿಸುತ್ತದೆ. ಆ ಹಿಟ್ಟನ್ನು ಕಂಪ್ರೆಸರ್ ಗಾಳಿಯಿಂದ ಊದಿ ಸ್ವಚ್ಛ ಮಾಡಿದರೆ ಧೂಳಿನ ಮೋಡ ಎದ್ದು ಗಂಡಾಂತರ ಇನ್ನೂ ಹೆಚ್ಚುತ್ತದೆ.